ಕರೆಂಟ್ ಬಂದಾಗಲೆಲ್ಲ ಕೂಗುವ ಮೋಟರ್

ನಮ್ಮ ಯಜಮಾನರು ತೀರಿಕೊಂಡ ಹದಿನೈದನೇ ದಿನ, ಬೆಳಗಿನ ಜಾವ, ಮನೆ ಹಿಂದಿನ ಬೋರ್‌ವೆಲ್ ಮೋಟರ್ ತಾನಾಗಿ ಓಡಿತು. ನಿಂತಿತು. ಮತ್ತೆ ಓಡಿತು. ಮತ್ತೆ ನಿಂತಿತು.

ನಾನು ಹಸುವಿನ ಕೆಚ್ಚಲು ಹಿಡಿದವಳು ಹಾಗೇ ಕೂತೆ. ಮೋಟರ್ ಎರಡು ಸಲ ಹಾಗೆ ಓಡಿ ನಿಂತರೆ ನಮ್ಮ ಮನೆಯಲ್ಲಿ ಅದಕ್ಕೆ ಒಂದೇ ಅರ್ಥ. ಕಾಫಿ ತಗೊಂಡು ಬಾ.

(ಕಾನೂನು ನಾನೇ ಮಾಡಿದ್ದು. ಅವರು ಜಾವಕ್ಕೇ ಎದ್ದು ಕೆರೆ ಪಕ್ಕದ ಹಿಪ್ಪುನೇರಳೆ ತೋಟಕ್ಕೆ ಹೋಗುವವರು. ಅಲ್ಲಿಂದಲೇ ಮೊಬೈಲ್‌ನಲ್ಲಿ ಹಸಿರು ಗುಂಡಿ ಒತ್ತಿದರೆ ಮೋಟರ್ ಆನ್, ಕೆಂಪು ಒತ್ತಿದರೆ ಆಫ್. ಓದು ಬರೆಹ ಇಲ್ಲದ ಮನುಷ್ಯ, ಫೋನಿನಲ್ಲಿ ಗೊತ್ತಿದ್ದದ್ದು ಆ ಎರಡೇ ಗುಂಡಿ. ನನ್ನ ಹತ್ತಿರ ಫೋನೇ ಇಲ್ಲ. ಕಾಫಿ ಹಿಡಿದು ತೋಟವೆಲ್ಲ ಹುಡುಕಿ ಹುಡುಕಿ ರೋಸಿ ಹೋಗಿ ಒಂದು ದಿನ ಹೇಳಿಬಿಟ್ಟೆ: "ಮೋಟರ್ ಎರಡ್ ಸಲ ಕೂಗ್ಸಿ, ಬರ್ತೀನಿ. ಅಲ್ಲೀಗಂಟ ನಾನು ಹೊಸ್ಲು ದಾಟಲ್ಲ.")

ಅವರು ಸತ್ತ ದಿನ ಮೋಟರ್ ಕೂಗಲಿಲ್ಲ. ಪಂಪ್‌ಸೆಟ್ ಲೈನಿನ ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು, ಅದು ನನಗೆ ಗೊತ್ತಾದದ್ದು ಆಮೇಲೆ. ಬಿಸಿಲೇರಿದ ಮೇಲೆ ಪಕ್ಕದ ಹೊಲದ ನಂಜಕ್ಕ ಓಡಿ ಬಂದು, ಅವರು ತೋಟದಲ್ಲಿ ಬಿದ್ದಿದ್ದಾರೆಂದು ಹೇಳಿದಳು. ಹಾರ್ಟ್ ಅಟ್ಯಾಕ್. "ಒಂದೇ ಏಟಿಗೆ ಹೋಗವ್ರೆ, ನರಳಿಲ್ಲ" ಎಂದರು ಎಲ್ಲರೂ. ನಾನೂ ನಂಬಿದೆ. ನಂಬದೆ ಏನು ಮಾಡಲಿ?

ಹದಿನೈದು ದಿನಕ್ಕೆ ಹೊಸ ಟ್ರಾನ್ಸ್‌ಫಾರ್ಮರ್ ಬಂತು. ಅಂದಿನಿಂದ ಶುರು. ಕರೆಂಟ್ ಬಂದರೆ ಸಾಕು, ಓಡು, ನಿಲ್ಲು, ಓಡು, ನಿಲ್ಲು. ಎರಡಕ್ಕೆ ಮುಗಿಯುತ್ತಲೂ ಇರಲಿಲ್ಲ. ಕರೆದು ಕರೆದು ಸಾಕಾದವರ ಹಾಗೆ ಕೊನೆಗೊಮ್ಮೆ ಸುಮ್ಮನಾಗುತ್ತಿತ್ತು.

"ಲೇ ಪುಟ್ಟಮ್ಮ, ಅಣ್ಣ ಇನ್ನೂ ಹೋಗಿಲ್ಲ ಕಣೆ. ಸ್ಟಾರ್ಟರ್ ಡಬ್ಬಕ್ಕೆ ನಿಂಬೆಹಣ್ಣು ಕಟ್ಟು" ಎಂದಳು ನಂಜಕ್ಕ.

"ಹದಿನೈದ್ ದಿನ ಎಲ್ಲಿದ್ರಂತೆ ನಿಮ್ಮಣ್ಣ? ಟ್ರಾನ್ಸ್‌ಫಾರ್ಮರ್ ಬರ್ಲಿ ಅಂತ ಕಾಯ್ತಿದ್ರಾ?"

ಬಾಯಿ ಹಾಗೆಂದಿತು. ಕಾಲು ಮಾತ್ರ ಆ ಡಬ್ಬದ ಕಡೆ ಹೋಗಲಿಲ್ಲ.

ಕೊನೆಗೆ ಮಗಳ ಮಗಳು ಸೌಮ್ಯಳನ್ನು ಕರೆಸಿದೆ. ಈ ಮೊಬೈಲ್ ಸ್ಟಾರ್ಟರ್ ಮಾಡುವ ಹೊಸಕೋಟೆಯ ಸಣ್ಣ ಕಂಪನಿಯಲ್ಲೇ ಅವಳಿಗೆ ಸರ್ವರ್ ಕೆಲಸ. (ಸರ್ವರ್ ಅಂದರೆ ಫೋನಿಗೂ ಮೋಟರಿಗೂ ನಡುವೆ ಮಾತು ಮುಟ್ಟಿಸುವ ಆಳು ಅಂದುಕೊಳ್ಳಿ.) ಅವಳು ಲ್ಯಾಪ್‌ಟಾಪ್ ತೆರೆದಳು, ನೋಡಿದಳು, ಮುಖ ಸಣ್ಣ ಮಾಡಿದಳು.

"ಅಜ್ಜಿ, ಹಳೇ ಸರ್ವರ್ ಪೆದ್ದು. ಕೇಳ್ತಿರೋರು ಯಾರು, ಯಾವಾಗ ಕೇಳಿದ್ದು, ಏನೂ ನೋಡ್ತಿರ್ಲಿಲ್ಲ. ಬಂದಿದ್ದನ್ನ ಗಂಟೆ ಸಮೇತ ಸಾಲಾಗಿ ಇಟ್ಕೊಳ್ಳೋದು, ಡಬ್ಬಕ್ಕೆ ಕರೆಂಟ್ ಬಂದಾಗ ಕೊಡೋದು. ಡಬ್ಬ 'ಮಾಡ್ದೆ' ಅಂತ ವಾಪಸ್ ಹೇಳೋವರ್ಗೂ, ಕರೆಂಟ್ ಬಂದಾಗೆಲ್ಲ ಮೊದ್ಲಿಂದ ಮತ್ತೆ ಕೊಡೋದು. ನಿಮ್ ಡಬ್ಬ ಕೆಟ್ಟಿದೆ, ಹೇಳ್ತಾನೇ ಇಲ್ಲ."

"ಏನ್ ಕೊಡ್ತಾ ಐತೆ ಅದು?"

"ತಾತ ಕೊನೇಲಿ ಕೇಳಿದ್ದು."

ಈಗ ಕಂಪನಿಯವರು ಎಲ್ಲ ಬಿಗಿ ಮಾಡಿದ್ದಾರಂತೆ. ಯಾರೆಂದು ಹೇಳದೆ ಗುಂಡಿ ಒತ್ತುವ ಹಾಗಿಲ್ಲ. ಒತ್ತಿದ್ದಕ್ಕೆಲ್ಲ ಹೆಸರು, ಗಂಟೆ, ನಿಮಿಷದ ದಾಖಲೆ. ಐದು ನಿಮಿಷ ದಾಟಿದ ಬೇಡಿಕೆ ಬಿದ್ದುಹೋಗುತ್ತದೆ. ಆದರೆ ಹಳೆಯ ಸಾಲನ್ನು ಮೋಟರಿನ ಓನರ್ರೇ ಅಳಿಸಬೇಕು. ಓನರ್ ಮಣ್ಣಲ್ಲಿದ್ದಾರೆ. ಮರಣ ಪತ್ರ, ಆಧಾರ್, ಓಟಿಪಿ ಎಲ್ಲ ಕೊಟ್ಟು ನನ್ನನ್ನು ಓನರ್ ಮಾಡಿದಳು. ಸಾಲು ತೆರೆಯಿತು.

ಅಕ್ಷರ ಕೂಡಿಸಿ ಓದುತ್ತೇನೆ, ಅಂಕಿ ಚೆನ್ನಾಗಿ ಬರುತ್ತದೆ. ಅವರು ಸತ್ತ ದಿನದ್ದೇ ತಾರೀಕು. 5:10 ಆನ್. 5:11 ಆಫ್. 5:11 ಆನ್. ಕೆಳಗಿಳಿದಷ್ಟೂ ಇತ್ತು. ಕೊನೆಯದು 5:52.

"ಎಲ್ಲದ್ರ ಮುಂದೆ ಇದೇನೇ ಒಂದೇ ಪದ?"

ಸೌಮ್ಯ ಕತ್ತೆತ್ತಲಿಲ್ಲ. "'ಆಯ್ತು' ಅಂತ ಅಜ್ಜಿ. ಕರೆಂಟ್ ಇಲ್ದಿದ್ರೂ ಹಳೇ ಸರ್ವರ್ ಹಂಗೇ ಹೇಳೋದು."

ನಲವತ್ತೆರಡು ನಿಮಿಷ. ಒಂದೇ ಏಟಿಗೆ ಹೋದ ಮನುಷ್ಯ ನಲವತ್ತೆರಡು ನಿಮಿಷ ಗುಂಡಿ ಒತ್ತಿದ್ದಾರೆ. ಪ್ರತಿ ಸಲವೂ ಫೋನು ಆಯ್ತು, ಆಯ್ತು ಎಂದಿದೆ.

"ಅಳಿಸ್ಬೇಕಾದ್ರೆ ನೀನೇ ಒತ್ಬೇಕು. ಒತ್ತುದ್ರೆ ನಾಳೆಯಿಂದ ಕೂಗಲ್ಲ."

"ಒತ್ತಿಲ್ಲಾಂದ್ರೆ?"

"ಮೋಟರ್ ಸುಡೋವರ್ಗೂ ಕೂಗುತ್ತೆ."

ಒತ್ತಿದೆ. ಸಾಲು ಖಾಲಿಯಾಯಿತು. ಅದರ ಜಾಗದಲ್ಲಿ ಒಂದೇ ಗೆರೆ ಮೂಡಿತು: ಅಳಿಸಿದವರು, ಪುಟ್ಟಮ್ಮ.

"ಇದನ್ನೂ ಅಳಿಸೇ."

"ಇದು ಆಗಲ್ಲ ಅಜ್ಜಿ. ಯಾರು ಅಳಿಸಿದ್ರು ಅನ್ನೋದು ಇದ್ದೇ ಇರುತ್ತೆ."

ಮರುದಿನ ಕರೆಂಟ್ ಬಂತು. ಡಬ್ಬದ ಕೆಂಪು ದೀಪ ಹತ್ತಿತು. ಸದ್ದಿಲ್ಲ. ಅದು ಕೂಗಿದಾಗಲೂ ನನಗೆ ಅಷ್ಟು ಹೆದರಿಕೆಯಾಗಿರಲಿಲ್ಲ.

ಸರ್ವರಿಗೆ ಬುದ್ಧಿ ಬಂತು, ಒಳ್ಳೆಯದಾಯಿತು. ಆದರೆ ಅವತ್ತು ನಾನು ಕಾಫಿ ಸೋಸಿಟ್ಟುಕೊಂಡು ಒಲೆ ಮುಂದೆ ಎಚ್ಚರವಾಗಿಯೇ ಕೂತಿದ್ದೆ. ಗಂಡ ಇಷ್ಟು ಹೊತ್ತು ಸದ್ದು ಮಾಡಲಿಲ್ಲವಲ್ಲ ಎಂದು ಎದ್ದು ಹೋಗಿ ನೋಡಲು ನನಗೆ ಯಾರ ಪರ್ಮಿಷನ್ ಬೇಕಿತ್ತು?