ಪೂರ್ಣ ವಾಕ್ಯದಲ್ಲಿ ಹೇಳಿ

ನಾನು ಬಿ.ಟಿ., ಅಂದರೆ ಶಿಕ್ಷಕರ ತರಬೇತಿ, ಓದಿದ್ದು ಶಾಲೆಯಲ್ಲಿ ಪಾಠ ಹೇಳಲಿಕ್ಕಲ್ಲ. ಐವತ್ತರ ದಶಕದ ಮುಂಬಯಿಯಲ್ಲಿ ಹಾಗೆ ಹೇಳಿದರೆ ಜನ ನಗುತ್ತಿದ್ದರು. ನನ್ನ ಕಣ್ಣು ಬಟ್ಟೆ ಗಿರಣಿಯ ಮೇಲಿತ್ತು. ಪರೇಲಿನ ಒಂದು ಗಿರಣಿಯವರು ತಮ್ಮಲ್ಲಿ ದುಡಿಯುವ ಹೆಂಗಸರಿಗೆ ಓದುಬರಹ ಕಲಿಸಲು ಒಬ್ಬಳು ಬೇಕೆಂದು ಕಾಲೇಜಿಗೆ ಹೇಳಿಕಳಿಸಿದ್ದರು. ಆಸೆಪಟ್ಟವರು ಇಬ್ಬರು: ನಾನು, ಮತ್ತು ಉಡುಪಿ ಕಡೆಯ ನನ್ನ ಸಹಪಾಠಿ. ಕುರ್ಲಾದಲ್ಲಿ ಅವಳ ಸೋದರಮಾವನ ಹೋಟೆಲಿತ್ತು. ಈ ಕೆಲಸ ಸಿಗದಿದ್ದರೆ ಅವಳು ಇನ್ನೊಂದನ್ನು ಹುಡುಕುತ್ತಿದ್ದಳು. ನನಗೆ ಸಿಗದಿದ್ದರೆ ಮದುವೆ. ವರ ಧಾರವಾಡದ ವಕೀಲ, ಮೊದಲ ಹೆಂಡತಿ ತೀರಿಕೊಂಡಿದ್ದಳು.

"ನೌಕರಿ ಹತ್ತಿದ್ರ ಬ್ಯಾಡ ಅನ್ನೂದಿಲ್ಲ. ಹತ್ತಲಿಲ್ಲಂದ್ರ ಮತ್ತ ಮಾತಾಡಬ್ಯಾಡ" ಎಂದು ಅಪ್ಪ ಊಟದ ತಾಟಿನ ಮುಂದೆ ಕೂತು ಹೇಳಿದ್ದರು. ಅವ್ವ ಬಡಿಸುತ್ತಿದ್ದಳು.

ನಮ್ಮ ಕಾಲೇಜಿನಲ್ಲಿ ಕ್ರಿಟಿಸಿಜಂ ಲೆಸನ್ ಎಂಬ ಪದ್ಧತಿಯಿತ್ತು. ಒಬ್ಬರು ಪಾಠ ಮಾಡಬೇಕು, ಉಳಿದವರು ಹಿಂದೆ ಕೂತು ಬರೆದುಕೊಳ್ಳಬೇಕು, ಮುಗಿದ ಮೇಲೆ ಒಬ್ಬೊಬ್ಬರಾಗಿ ಎದ್ದು ತಪ್ಪು ಹೇಳಬೇಕು. ಹೊಗಳುವಂತಿಲ್ಲ. ನಮ್ಮ ಪ್ರೊಫೆಸರು ಇನ್ನೊಂದು ನಿಯಮ ಸೇರಿಸಿದ್ದರು: ಗಿರಣಿಯ ಕೆಲಸ ಬೇಕಾದವರು ತಾವಿರುವ ಓಣಿಯಲ್ಲೇ, ದೊಡ್ಡವರಿಗೆ, ಬಾಗಿಲು ತೆರೆದಿಟ್ಟು ಪಾಠ ಮಾಡಬೇಕು. "ಮಕ್ಕಳು ಗಂಟೆ ಹೊಡೆಯುವ ತನಕ ಕೂತಿರುತ್ತಾರೆ. ದೊಡ್ಡವರಿಗೆ ಯಾವ ಗಂಟೆ? ಎಷ್ಟು ಜನ ಎದ್ದು ಹೋದರು ಅನ್ನುವುದೇ ನಿಮ್ಮ ಪರೀಕ್ಷೆ." ಈ ಮಾತು ನನ್ನ ಕಿವಿಯಲ್ಲಿ ಕನ್ನಡದಲ್ಲೇ ಇದೆ. ಅವರಿಗೆ ಕನ್ನಡ ಬರುತ್ತಲೇ ಇರಲಿಲ್ಲ. ಹಾಗಾಗಿ ಮುಂದೆ ಬರೆಯುವುದನ್ನೂ ಅಷ್ಟಕ್ಕಷ್ಟೇ ನಂಬಬೇಕು.

ಪಾಠ ನಡೆದದ್ದು ಒಂದೊಂದು ಕೋಣೆಗೆ ಒಂದೊಂದು ಸಂಸಾರವಿದ್ದ ನಮ್ಮ ಚಾಳಿನ ಕೆಳಗಿನ ಭಜನೆಯ ಕೋಣೆಯಲ್ಲಿ. ನಾನು ಸ್ಟೇಶನ್ನುಗಳ ಹೆಸರನ್ನು ನಾಗರಿ ಲಿಪಿಯಲ್ಲಿ ದೊಡ್ಡದಾಗಿ ಬರೆದ ಕಾರ್ಡು ಮಾಡಿಕೊಂಡಿದ್ದೆ. ಚಾಳಿನ ಹೆಂಗಸರು ಲೋಕಲ್‌ನಲ್ಲಿ ಒಬ್ಬರೇ ಹೋಗುತ್ತಿರಲಿಲ್ಲ, ಬೋರ್ಡು ಓದಲು ಬರುತ್ತಿರಲಿಲ್ಲ. ಮರಾಠಿಯವರು, ನಮ್ಮ ವಿಜಾಪುರ ಕಡೆಯವರು, ಕೋಣೆ ತುಂಬ ಬಂದರು. ಕರೆಯದಿದ್ದರೂ ಅವ್ವ ಬಂದು ಮುಂದೆಯೇ ಕೂತಳು.

ಪಾಠ ಚೆನ್ನಾಗಿಯೇ ಹತ್ತಿತು ಎಂದು ನನ್ನ ನಂಬಿಕೆ. ಪರೇಲ್ ಆಯಿತು, ದಾದರ್ ಆಯಿತು. ಕೊನೆಗೆ ಒಂದು ಕಾರ್ಡು ಎತ್ತಿ ಅವ್ವನಿಗೆ ತೋರಿಸಿದೆ.

"ಕುರ್ಲಾ" ಎಂದಳು. ಸರಿಯಿತ್ತು! ನಾನು ಹಿಗ್ಗಬೇಕಿತ್ತು. ಆದರೆ ಹಿಂದೆ ಸಹಪಾಠಿಗಳ ಪೆನ್ಸಿಲುಗಳು ಓಡುತ್ತಿದ್ದವು. ಒಂದು ಶಬ್ದದ ಉತ್ತರ ತೆಗೆದುಕೊಳ್ಳಬಾರದು, ವಿದ್ಯಾರ್ಥಿಗಳಲ್ಲಿ ಭೇದ ಮಾಡಬಾರದು ಎಂದು ನಮಗೆ ಅರೆದು ಕುಡಿಸಿದ್ದರು.

"ಹಾಗಲ್ಲ ಬಾಯಿ, ಎದ್ದು ನಿಂತು ಪೂರ್ಣ ವಾಕ್ಯದಲ್ಲಿ ಹೇಳಿ" ಎಂದೆ. ಗುರುತಿಲ್ಲದ ಹೆಂಗಸರಿಗೂ ಶಾಲೆಯ ಟೀಚರಿಗೂ ಮುಂಬಯಿಯಲ್ಲಿ ಬಾಯಿ ಎಂದೇ ಅನ್ನುತ್ತಿದ್ದರು.

ಮೂಲೆಯಿಂದ ಯಾರೋ, "ಅಯ್ಯ, ಹಡದವ್ವಗ ಬಾಯಿ ಅಂತಾಳಲ್ಲ ಈಕಿ! ನಾಳಿಗೆ ನಮಗೇನ ಮೇಮಸಾಬ್ ಅಂತಾಳೋ!" ಎಂದರು. ಕೋಣೆಯೆಲ್ಲ ನಕ್ಕಿತು.

ಅವ್ವ ಎದ್ದು ನಿಂತಳು. ಸೆರಗು ಕೊಡವಿದಳು. "ಸಿಗಡಿ ಮ್ಯಾಲ ಬ್ಯಾಳಿ ಇಟ್ಟು ಬಂದೇನಿ, ಹೊತ್ತತದ" ಎಂದು ಹೊರಟೇಬಿಟ್ಟಳು. ತಾಯಿಯೇ ಹೋದ ಮೇಲೆ ಬೇರೆಯವರಿಗೇನು? ಒಬ್ಬರ ಹಿಂದೆ ಒಬ್ಬರು ಹೋದರು. ಕಾಲು ನೋವಿನ ಮುದುಕಿಯೊಬ್ಬಳು ಉಳಿದಳು. ಅವಳನ್ನೂ ಸೊಸೆ ಬಂದು ಎಬ್ಬಿಸಿಕೊಂಡು ಹೋದಳು.

ಟೀಕೆಯ ಸರದಿಯಲ್ಲಿ ನನ್ನ ಸಹಪಾಠಿ ಇಂಗ್ಲಿಷಿನಲ್ಲಿ ಮೃದುವಾಗಿ ಮಾತಾಡಿದಳು. ಸ್ವಂತ ತಾಯಿಯನ್ನು ಕೂರಿಸಲಾಗದವರು ಗಿರಣಿಯ ಹೆಂಗಸರನ್ನು ಹೇಗೆ ಕೂರಿಸುತ್ತಾರೆ ಎಂದು ಕೇಳಿದಳು. ಪ್ರೊಫೆಸರು ತಲೆದೂಗಿ ಟೋಪಿ ಹಾಕಿಕೊಂಡರು. ಹೊರಗೆ ಬಂದು ಅವಳೇ ನನ್ನ ಕೈಹಿಡಿದು, "ಬೇಜಾರು ಮಾಡ್ಬೇಡ ಮಾರಾಯ್ತಿ. ನಿಂಗಾದ್ರೆ ಮದುವೆ ಉಂಟಲ್ಲ, ನಂಗೆ ಎಂತ ಉಂಟು?" ಎಂದಳು. ಕೆಲಸ ಅವಳಿಗಾಯಿತು.

ನಾನು ಮೇಲೆ ಹೋದಾಗ ಇದ್ದಿಲಿನ ಸಿಗಡಿಯಲ್ಲಿ ಬೆಳಗಿನ ಬೂದಿ ತಣ್ಣಗಿತ್ತು. ಬೇಳೆಯ ಪಾತ್ರೆ ಬೋರಲಾಗಿತ್ತು.

"ಬ್ಯಾಳಿ ಎಲ್ಲದವ್ವಾ?"

ಅವ್ವ ಅಕ್ಕಿ ಆರಿಸುತ್ತಿದ್ದಳು. ತಲೆಯೆತ್ತಲಿಲ್ಲ. "ಇಟ್ಟಿದ್ದಿಲ್ಲ."

"ಮತ್ತ ಯಾಕ ಎದ್ದಿ?"

"ಎದ್ದು ಹೋದವರನ್ನ ಎಣಸ್ತಾರಂತ ನೀನ ಹೇಳಿದ್ದಿ. ಎದ್ದು ಹೋಗಾಕಂತ ಬಂದಿದ್ನಿ. ಗಿರಣಿ ಹೆಂಗಸರ ನಡುವ ತಿರಗಾಕಿ ಅಂದ್ರ ಆ ವಕೀಲರ ಮಂದಿ ನಮ್ಮ ಹೊಸ್ತಿಲಾ ತುಳೀತಾರೇನು?" ಎರಡು ಕಲ್ಲು ಆರಿಸಿ ಕಿಟಕಿಯಿಂದ ಎಸೆದಳು. "ಆದ್ರ ಎದ್ದಿರ್ತಿದ್ದಿಲ್ಲ. ಚಂದ ಕಲಿಸ್ಲಿಕ್ಕತ್ತಿದ್ದಿ, ಮರತ ಕೂತಿದ್ನಿ. ನೀನ ನೆನಪು ಮಾಡಿದಿ. ಬಾಯಿ ಅಂದಿ."

ಈ ಕೊನೆಯ ಮಾತನ್ನು ಅವ್ವ ನಿಜಕ್ಕೂ ಹೇಳಿದಳೇ? ಬರಬರುತ್ತಾ ನನಗೆ ಸಂಶಯ. ಚೆನ್ನಾಗಿ ಕಲಿಸುತ್ತಿದ್ದೆ ಎಂದು ಯಾರಾದರೂ ಹೇಳಲಿ ಎಂಬ ಹಸಿವಿಗೆ ನಾನೇ ಸೇರಿಸಿಕೊಂಡಿರಬಹುದು. ಬೂದಿ ಮಾತ್ರ ತಣ್ಣಗಿತ್ತು, ಬೆರಳಿಟ್ಟು ನೋಡಿದ್ದೇನೆ.

ಮದುವೆಗೆ ಧಾರವಾಡಕ್ಕೆ ಹೊರಟೆವು. ಬೋರಿಬಂದರ್ ಸ್ಟೇಶನ್ನಿನಲ್ಲಿ ರೈಲು ಹತ್ತಿ ನಾನು ಅವ್ವನ ಪಕ್ಕ ಬಿಟ್ಟು ಎದುರಿನ ಬೆಂಚಿನ ಮೇಲೆ ಕೂತೆ. ಪರೇಲ್ ದಾಟುವಾಗ ನಮ್ಮ ಗಿರಣಿಯ ಚಿಮಣಿ ಕಂಡಿತು, ಹೋಯಿತು. ಅವ್ವ ಕಿಟಕಿಯ ಸರಳಿಗೆ ಮುಖ ಹಚ್ಚಿ ಕೂತಿದ್ದಳು. ಗಾಡಿ ನಿಧಾನವಾಯಿತು, ಪ್ಲಾಟ್‌ಫಾರ್ಮಿನ ಬೋರ್ಡು ಬಂತು. ಅವ್ವ ಬೆರಳು ತೋರಿಸಿ, ಡಬ್ಬಿಯಲ್ಲಿದ್ದ ಎಲ್ಲರಿಗೂ ಕೇಳುವ ಹಾಗೆ, ಒಂದೊಂದೇ ಶಬ್ದ ಬಿಡಿಸಿ ಹೇಳಿದಳು:

"ಇದು ಕುರ್ಲಾ ಸ್ಟೇಶನ್ ಅದ."

ಆಮೇಲೆ ನನ್ನ ಕಡೆ ತಿರುಗಿ, "ಹಿಂಗ ಹೌದಲ್ಲ, ಬಾಯಿ?" ಎಂದಳು.