ಅಮಾವಾಸ್ಯೆಗೆ ಕಲ್ಲು ಬಿಚ್ಚುವ ಮನೆ

ಅಳವಂಡಿಯಲ್ಲಿ ನನ್ನಷ್ಟು ಹೆಸರುವಾಸಿಯಾದ ಹುಡುಗಿ ಇನ್ನೊಬ್ಬಳಿಲ್ಲ. ಇದನ್ನು ನಾನೇ ಹೇಳಬೇಕಾಗಿದೆ, ಏಕೆಂದರೆ ಬೇರೆ ಯಾರೂ ಹೇಳುತ್ತಿಲ್ಲ. ನನ್ನ ಕೀರ್ತಿ ಹುಟ್ಟಿದ್ದು ನಮ್ಮ ಹಿಟ್ಟಿನ ಗಿರಣಿಯಲ್ಲಿ. ಕಾಲೇಜಿನಿಂದ ಬಂದವಳೇ ಅಲ್ಲಿ ಕೂತು, ಜೋಳದ ಡಬ್ಬಿ ಇಟ್ಟುಕೊಂಡು ಪಾಳಿಯಲ್ಲಿ ನಿಂತ ಹೆಂಗಸರನ್ನು ನಗಿಸುತ್ತೇನೆ. ಒಂದು ಸಲ ಎಷ್ಟು ನಕ್ಕರೆಂದರೆ, ಹಿಟ್ಟಿನ ಧೂಳೆದ್ದು ಎದುರು ಮನೆಯ ಕರಿ ನಾಯಿ ಬೆಳ್ಳಗಾಗಿ ಹೋಯಿತು. ಗುರುತು ಸಿಗದೆ ಅದರ ಮನೆಯವರೇ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ.

ಗಿರಣಿ ಅಪ್ಪನದು. ಆದರೆ ಅದನ್ನು ನಿಜವಾಗಿ ನಡೆಸುತ್ತಿದ್ದದ್ದು ದೊಡ್ಡವ್ವ. ನಮ್ಮ ಸಂಬಂಧಿಯೇನಲ್ಲ, ಊರಿಗೆಲ್ಲ ದೊಡ್ಡವ್ವ. ಆರು ಹೆಂಗಸರನ್ನು ಕೂರಿಸಿಕೊಂಡು ಖಡಕ್ ರೊಟ್ಟಿ ಬಡಿದು ಗಂಗಾವತಿಯ ಖಾನಾವಳಿಗಳಿಗೆ ಕಳಿಸುತ್ತಾಳೆ. ಪ್ರತಿ ಸೋಮವಾರ ಅವಳ ಜೋಳದ ಚೀಲಗಳು ಬಂದರೆ ನಮ್ಮ ವಾರದ ಅರ್ಧ ಕೆಲಸ ಬಂದ ಹಾಗೆ. ಅಂಥ ದೊಡ್ಡವ್ವ ಒಂದು ಸೋಮವಾರ ಬರಲಿಲ್ಲ. ಮುಂದಿನ ಸೋಮವಾರ ಅವಳ ಚೀಲಗಳು ಟಂಟಂ ಆಟೋದಲ್ಲಿ ಕೂತು, ನಮ್ಮ ಬಾಗಿಲ ಮುಂದೆಯೇ ಹಾದು, ಬಸ್ ಸ್ಟ್ಯಾಂಡ್ ಹತ್ತಿರದ ಹೊಸ ಗಿರಣಿಗೆ ಹೋದವು.

"ದೊಡ್ಡವ್ವ ಹಿಂಗ ಬಿಟ್ಟಬಿಟ್ಲು ಅಂದ್ರ ಗಿರಣಿ ಬಂದ್ ಮಾಡೋದ," ಎಂದ ಅಪ್ಪ. "ಗಂಗಾವತಿ ಅಕ್ಕಿ ಮಿಲ್ಲಿಗೆ ಹಮಾಲಿಗೆ ಹೊಕ್ಕೀನಿ."

ಅಪ್ಪನ ಮೈಕಟ್ಟು ಹೇಗಿದೆಯೆಂದರೆ, ಅಕ್ಕಿ ಮೂಟೆಯೇ ಅಪ್ಪನನ್ನು ಹೊತ್ತು ನಡೆಯಬೇಕು. ಆದರೂ ಅವತ್ತು ನನಗೆ ನಗು ಬರಲಿಲ್ಲ. ಕಾರಣ ಆಮೇಲೆ ಹೇಳುತ್ತೇನೆ.

ಅದೇ ವಾರ ಕೊಪ್ಪಳದಲ್ಲಿ ಸಣ್ಣ ವ್ಯಾಪಾರಸ್ಥರ ಸಭೆಯಿತ್ತು. ಅಲ್ಲಿ ಟೈ ಕಟ್ಟಿದವರೊಬ್ಬರು, ತಿಂಗಳಿಗೊಮ್ಮೆ ನಿಮ್ಮನ್ನು ನೀವೇ ನೋಡಿಕೊಳ್ಳಿ, ಧಂದೆಯೂ ಸುಧಾರಿಸುತ್ತದೆ, ಮನೆಯೂ ಸುಧಾರಿಸುತ್ತದೆ ಎಂದರಂತೆ. ಅಪ್ಪ ಕೈ ಎತ್ತಿ, "ಕನ್ನಡ್ಯಾಗೇನ್ರಿ?" ಎಂದು ಕೇಳಿದನಂತೆ. ಆದರೆ ಮಾತು ಅವನ ತಲೆಯಲ್ಲಿ ಕೂತಿತು. ನಮ್ಮಲ್ಲಿ ಅಮಾವಾಸ್ಯೆಗೆ ಗಿರಣಿ ಬಂದ್. ಅಂದು ಅಪ್ಪ ಬೀಸುವ ಕಲ್ಲನ್ನು ಬಿಚ್ಚಿ, ಸವೆದ ಹಲ್ಲನ್ನು ಉಳಿಯಿಂದ ಮತ್ತೆ ಎಬ್ಬಿಸುತ್ತಾನೆ. ಆಮೇಲೆ ಮಷಿನ್ನಿಗೆ ಕುಂಕುಮ, ಬಾಗಿಲಿಗೆ ಲಿಂಬೆಹಣ್ಣು. "ಕಲ್ಲರ ತಿಂಗಳಿಗೊಮ್ಮೆ ಬಿಚ್ಚತೀವಿ. ನಮ್ಮನ್ನ ನಾವು ಎಂದರ ಬಿಚ್ಚಿ ನೋಡೀವೇನು?" ಎಂದ.

ಹೀಗೆ ಆ ಅಮಾವಾಸ್ಯೆಯ ಬೆಳಿಗ್ಗೆ, ಬಿಚ್ಚಿಟ್ಟ ಕಲ್ಲಿನ ಸುತ್ತ ನಾವು ನಾಲ್ವರು ಕೂತೆವು: ಅಪ್ಪ, ಅವ್ವ, ಅಪ್ಪನ ತಾಯಿಯಾದ ಆಯಿ ಮತ್ತು ನಾನು. ಅಪ್ಪ ಕಾನೂನು ಓದಿದ. "ತನ್ನ ತಪ್ಪು ತಾನ ಹೇಳಬೇಕು. ಮಂದೀದು ಹೇಳಂಗಿಲ್ಲ. ಹೇಳಿದವ್ರಿಗೆ ಯಾರೂ ಬೈಯಂಗಿಲ್ಲ."

ಆಯಿ ಮೊದಲು ಶುರು ಮಾಡಿದಳು. "ನಂದೊಂದ ತಪ್ಪಪ. ನಿನ್ನ ಹಡದದ್ದು."

"ಯವ್ವಾ, ಅದು ಈ ತಿಂಗಳ ತಪ್ಪಲ್ಲ."

"ನಂದೂ ಐತ್ರಿ," ಎಂದಳು ಅವ್ವ. "ನನಗ ಕುಷ್ಟಗಿಯಿಂದ ಇನ್ನೊಂದು ಸಂಬಂಧ ಬಂದಿತ್ತು. ಬ್ಯಾಡ ಅಂದೆ."

"ಏ, ಅದೂ ಈ ತಿಂಗಳದ್ದಲ್ಲ!"

ನಾನು ತಲೆ ತಗ್ಗಿಸಿ, ಗಂಟಲು ಸರಿಮಾಡಿಕೊಂಡು ಹೇಳಿದೆ. "ನಾನು ಭಾಳ ಓದ್ತೀನಿ. ಹಿಂಗ ಓದಿದ್ರ ಕಣ್ಣಿಗೆ ಛಲೋ ಅಲ್ಲ."

"ಹೌದೌದು," ಎಂದಳು ಆಯಿ. "ನಿನ್ನ ಪುಸ್ತಕದ ಮ್ಯಾಲಿನ ಧೂಳಿನ್ಯಾಗ ಜ್ವಾಳ ಬಿತ್ತಬಹುದು."

ಕೊನೆಗೆ ಅಪ್ಪ, ಯಾರನ್ನೂ ನೋಡದೆ, ಕಲ್ಲನ್ನು ಸವರುತ್ತ ಹೇಳಿದ. "ನಂದು ಈ ಕಲ್ಲು. ನಾನು ಸರಿಯಾಗಿ ಹಲ್ಲು ಎಬ್ಬಿಸಿಲ್ಲ. ಹಿಟ್ಟು ನುಣ್ಣಗ ಜಿಗಿ ಆಗವಲ್ದು. ಅದಕ್ಕ ದೊಡ್ಡವ್ವ ಹೋದ್ಲು."

ಈಗ ಕಾರಣ ಹೇಳುತ್ತೇನೆ. ಕಲ್ಲಿನದೇನೂ ತಪ್ಪಿರಲಿಲ್ಲ. ಒಂದು ಮಧ್ಯಾಹ್ನ ಅಪ್ಪ ನನಗೆ ಗಿರಣಿ ಒಪ್ಪಿಸಿ ಯಲಬುರ್ಗಾಕ್ಕೆ ಹೋಗಿದ್ದ. ಯಾರದೋ ದನಕ್ಕೆ ಮೆಕ್ಕೆಜೋಳ ಒಡೆಯಬೇಕಿತ್ತು. ಅದು ತರಿತರಿಯಾಗಲೆಂದು ಕಲ್ಲು ಸಡಿಲು ಮಾಡಿದೆ. ಆಮೇಲೆ ದೊಡ್ಡವ್ವನ ಜೋಳ ಸುರಿಯುವ ಮುಂಚೆ ಕಲ್ಲನ್ನು ಮತ್ತೆ ಬಿಗಿ ಮಾಡಬೇಕು. ಹಾಲು ಕುಡಿಯುವ ಕೂಸಿಗೂ ಗೊತ್ತಿರುವ ವಿಷಯ. ಆದರೆ ಕೂಸು ರೀಲ್ಸ್ ಮಾಡುತ್ತಿರುವುದಿಲ್ಲ, ನಾನು ಮಾಡುತ್ತಿದ್ದೆ. ಎರಡು ಚೀಲ ಜೋಳ ರವೆಯ ಹಾಗೆ ಬಿದ್ದು ಹೋಯಿತು.

ಮರುದಿನ ಅಪ್ಪ ಊಟಕ್ಕೆ ಹೋದ ಹೊತ್ತಿನಲ್ಲಿ ದೊಡ್ಡವ್ವ ಹಿಟ್ಟನ್ನು ಮುಷ್ಟಿಯಲ್ಲಿ ಹಿಡಿದು ಬಂದಳು. "ಏನ ಹುಡುಗಿ, ಬಡದ ರೊಟ್ಟಿ ಎಲ್ಲಾ ಹರ್ಯಾಕತ್ಯಾವ." ಪಾಳಿಯಲ್ಲಿ ಹತ್ತು ಹೆಂಗಸರಿದ್ದರು. ನನ್ನ ಮಟ್ಟಿಗೆ ಅದು ತುಂಬಿದ ಸಭೆ. "ಹಿಟ್ಟು ಛಲೋನ ಐತಿ ದೊಡ್ಡವ್ವಾ," ಎಂದೆ. "ನಿಮ್ಮ ಕೈಗೆ ವಯಸ್ಸಾಗೈತಿ." ಹತ್ತೂ ಮಂದಿ ನಕ್ಕರು. ದೊಡ್ಡವ್ವನೂ ಒಂದು ಚೂರು ನಕ್ಕಳು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೋದಳು. ಮತ್ತೆ ಬರಲಿಲ್ಲ.

ಎರಡನೆಯ ಅಮಾವಾಸ್ಯೆಗೆ ಮನೆಯವರೆಲ್ಲ ನನಗಿಂತ ಮುಂದೆ ಹೋಗಿಬಿಟ್ಟರು. ಪಾಳಿಯಲ್ಲಿ ನಿಂತವರು ನೀರು ಕೇಳಿದರೆ ಕೇಳಿಸದ ಹಾಗೆ ಇರುತ್ತೇನೆ ಎಂದು ಅವ್ವ ಒಪ್ಪಿಕೊಂಡಳು. ಮರುದಿನವೇ ಬಾಗಿಲಲ್ಲಿ ಕೊಡ ಮತ್ತು ತಿಕ್ಕಿದ ತಂಬಿಗೆ ಬಂದವು. ಹಸಿದಾಗ ಹೆಂಡತಿಯ ಮೇಲೆ ಹರಿಹಾಯುತ್ತೇನೆ ಎಂದು ಅಪ್ಪ ಹೇಳಿ, ಒಂದು ಗಂಟೆಗೆ ಸರಿಯಾಗಿ ಊಟಕ್ಕೆ ಬರತೊಡಗಿದ. ಬೀಸಲು ತಂದವರ ಡಬ್ಬಿಯಿಂದ ಪುಟಾಣಿ ಕಡಲೆ ತೆಗೆದು ತಿನ್ನುತ್ತೇನೆ ಎಂದು ಆಯಿ ಹೇಳಿದಾಗ ಮಾತ್ರ ಅಪ್ಪನಿಗೆ ಕಾನೂನು ಪಾಲಿಸುವುದು ಕಷ್ಟವಾಯಿತು. ನಾನು? "ನಾನು ಭಾಳ ಮೆತ್ತನ್ನ ಮನಸಿನಾಕಿ" ಎಂದೆ.

ಗಿರಣಿಗೆ ಬರುವ ಮಂದಿ ಹೆಚ್ಚಿದರು. ದೊಡ್ಡವ್ವ ಮಾತ್ರ ಬರಲಿಲ್ಲ. ಅಪ್ಪ ಅಮಾವಾಸ್ಯೆಯಲ್ಲದೆ ಪ್ರತಿ ಗುರುವಾರವೂ ಕಲ್ಲು ಬಿಚ್ಚತೊಡಗಿದ. ಟಕ್ ಟಕ್, ಟಕ್ ಟಕ್. ಹೀಗೇ ಇನ್ನೆರಡು ತಿಂಗಳು ಹೊಡೆದಿದ್ದರೆ ಕಲ್ಲು ಹಪ್ಪಳವಾಗಿ, ಊಟಕ್ಕೆ ಕರಿದು ಬಡಿಸಬಹುದಿತ್ತು. ಒಂದು ಗುರುವಾರ ಕಲ್ಲಿನ ಚೂರು ಸಿಡಿದು ಅಪ್ಪನ ಹುಬ್ಬಿಗೆ ಬಡಿಯಿತು. ಅವ್ವ ಅರಿಶಿನ ಒತ್ತುತ್ತಿದ್ದರೆ, ಅವನು ನನ್ನ ಕಡೆ ತಿರುಗಿ, "ಈ ಸಲ ನೋಡವಾ, ಹಿಟ್ಟು ಹೂವಿನಂಗ ಬೀಳ್ತೈತಿ," ಎಂದ. ರಕ್ತ ಒಂದು ಹನಿಯಷ್ಟೇ. ಇದೊಂದನ್ನು ನಾನು ದೊಡ್ಡದು ಮಾಡಿ ಹೇಳಲಾರೆ.

ಮೂರನೆಯ ಅಮಾವಾಸ್ಯೆಗೆ ನಾನೇ ಮೊದಲು ಬಾಯಿ ಬಿಟ್ಟೆ. ಸಡಿಲು ಕಲ್ಲು, ರೀಲ್ಸ್, ಕೈಗೆ ವಯಸ್ಸಾಗಿದೆ ಎಂದದ್ದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಆಯಿಯ ಬಾಯಲ್ಲಿ ಪುಟಾಣಿಯ ಕಟುಮ್ ಶಬ್ದ ನಿಂತಿತು. ಅವಳು ಆ ಚಟ ಬಿಟ್ಟಿರಲಿಲ್ಲ ಎಂಬುದು ಆಗಲೇ ತಿಳಿದದ್ದು.

ಅಪ್ಪ ಬಾಯಿ ತೆರೆದ, ಮುಚ್ಚಿದ. "ಬೈಯಂಗಿಲ್ಲ ಅಂತ ನಾನ ಹೇಳೀನಿ," ಎಂದು ಹೊರಗೆ ಹೋದ. ಅಲ್ಲಿ ನಮ್ಮ ಸೈಕಲ್ಲಿಗೆ ಹತ್ತು ನಿಮಿಷ ಬೈದ. ಪಾಪ, ಆ ಸೈಕಲ್ ರೀಲ್ಸ್ ಮಾಡಿದ್ದೇ ಇಲ್ಲ. ಬೈದು ಮುಗಿಸಿ ಒಳಗೆ ಬಂದು, "ನಡಿ," ಎಂದ.

ನಾವು ಹೋದಾಗ ದೊಡ್ಡವ್ವ ರೊಟ್ಟಿ ಬಡಿಯುತ್ತಿದ್ದಳು. ಸುತ್ತ ಆರು ಹೆಂಗಸರ ಆರು ಒಲೆಗಳು. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಕ್ಷಮಾಪಣೆಯನ್ನು ಶುರು ಮಾಡಿದೆ. ಹೇಮಗುಡ್ಡದ ದುರ್ಗವ್ವನ ಆಣೆಯವರೆಗೆ ಬಂದಿದ್ದೆ.

"ಭಾಷಣ ಬ್ಯಾಡ," ಎಂದಳು ತಲೆ ಎತ್ತದೆ. "ಕುಂದ್ರು. ಬಡಿ."

ಬಡಿದೆ. ಮೊದಲನೆಯ ರೊಟ್ಟಿ ಯಲಬುರ್ಗಾ ತಾಲೂಕಿನ ನಕ್ಷೆಯಾಯಿತು. ಎರಡನೆಯದಕ್ಕೆ ಕುಷ್ಟಗಿಯ ಮೂಲೆಗಳೆಲ್ಲ ಬಂದವು. ಮೂರನೆಯದು, ಗಂಗಾವತಿಯಿಂದ ಕನಕಗಿರಿ ತಾಲೂಕು ಬೇರೆಯಾದ ಹಾಗೆ, ಎತ್ತುವಾಗಲೇ ಎರಡಾಯಿತು.

"ಹಿಟ್ಟು ಛಲೋ ಐತಿ," ಎಂದಳು ದೊಡ್ಡವ್ವ. "ಕೈ ಯಾರದು?"

"ನಂದ್ರಿ."

"ವಯಸ್ಸೆಷ್ಟು?"

"ಹದಿನಾರ್ರಿ."

"ಅಯ್ಯ ನಮ್ಮವ್ವ! ಹದಿನಾರಕ್ಕ ಮುದುಕಿ ಆಗ್ಯಾವಲ್ಲ ಕೈ!"

ಆರೂ ಮಂದಿ ನಕ್ಕರು. ಬಾಗಿಲಲ್ಲಿ ನಿಂತಿದ್ದ ಅಪ್ಪನೂ ನಕ್ಕ. ನನ್ನ ಕಿವಿಗಳು ಹೆಂಚಿಗಿಂತ ಬಿಸಿಯಾದವು. ಅವುಗಳ ಮೇಲೆ ಒಂದೊಂದು ರೊಟ್ಟಿ ಬೇಯಿಸಬಹುದಿತ್ತು. ದೊಡ್ಡವ್ವ ನಗಲಿಲ್ಲ. ದನಿ ತಗ್ಗಿಸಿ, ನನಗೊಬ್ಬಳಿಗೇ ಕೇಳುವಂತೆ ಹೇಳಿದಳು. "ಅವತ್ತು ನನಗ ಹತ್ತು ಮಂದಿ ನಕ್ಕಿದ್ರು."

ನಾನು ಎರಡಾದ ರೊಟ್ಟಿಯನ್ನು ಮುದ್ದೆ ಮಾಡಿ, ಮತ್ತೆ ಮೊದಲಿನಿಂದ ನಾದತೊಡಗಿದೆ.

ನಾವು ಹೊರಡುವಾಗ ದೊಡ್ಡವ್ವ ಅಪ್ಪನಿಗೆ, "ಮುಂದಿನ ಅಮಾಸಿಗೆ ಬರ್ತೀನಿ. ನಿಮ್ಮ ಕಲ್ಲು ನೋಡಿ ಹೇಳ್ತೀನಿ," ಎಂದಳು. ಆ ತಿಂಗಳು ಎಷ್ಟು ಉದ್ದವಿತ್ತೆಂದರೆ, ಅಪ್ಪ ಕ್ಯಾಲೆಂಡರ್ ಮಾಡಿದವರ ಮೇಲೆಯೇ ಅನುಮಾನಪಟ್ಟ.

ಬಂದಳು. ಬಾಗಿಲ ಕೊಡದಿಂದ ನೀರು ಕುಡಿದಳು. ಕಲ್ಲನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಆಮೇಲೆ ಆಯಿಯ ಪಕ್ಕ ಚೀಲದ ಮೇಲೆ ಕೂತು, ಯಾರೂ ಕೇಳದಿದ್ದರೂ ತನ್ನ ಪಾಳಿ ತೆಗೆದುಕೊಂಡಳು.

"ನಂದೂ ಒಂದೈತಿ. ಒಂದು ಹುಡುಗಿ ಮಾತಿಗೆ ಇಷ್ಟು ತಿಂಗಳು ಸಿಟ್ಟು ಹಿಡದು ಕುಂತೆ. ಆ ಹೊಸ ಗಿರಣ್ಯಾಗ ಹಿಟ್ಟು ಭಾಳ ಛಲೋ ಬೀಸ್ತಾರ." ಅಪ್ಪನ ಮುಖ ಇಳಿಯಿತು. "ಆದ್ರ ಪಾಳ್ಯಾಗ ತಾಸುಗಟ್ಟಲೆ ನಿಂತ್ರೂ ಒಬ್ರೂ ಮಾತಾಡ್ಸಂಗಿಲ್ಲಪ. ಎಲ್ಲಾರೂ ಫೋನ್ ನೋಡ್ಕೋತ ನಿಂತಿರ್ತಾರ."

ಸೋಮವಾರ ಟಂಟಂ ನಮ್ಮ ಬಾಗಿಲಲ್ಲಿ ನಿಂತಿತು. ನಾನು ಫೋನನ್ನು ಆಯಿಯ ಕೈಗೆ ಕೊಟ್ಟೆ, ಕಲ್ಲು ಬಿಗಿ ಮಾಡಿದೆ, ಒಂದು ಹಿಡಿ ಬೀಸಿ ಬೆರಳಲ್ಲಿ ಉಜ್ಜಿ ನೋಡಿದೆ, ಆಮೇಲೇ ಚೀಲ ಸುರಿದೆ. ಬಾಯಿ ಮುಚ್ಚಿಕೊಂಡೇ ಇದ್ದೆ. ಪಾಳಿಯವರು ನನಗೆ ಜ್ವರ ಬಂದಿರಬೇಕೆಂದುಕೊಂಡರು.

"ಏನರ ಮಾತಾಡಲೇ ಹುಡುಗಿ," ಎಂದಳು ದೊಡ್ಡವ್ವ. "ಇಲ್ಲಿಗ್ಯಾಕ ಬಂದೀನಿ ನಾನು?"

"ಯಾರ ಮ್ಯಾಲೆ ಮಾತಾಡ್ಲಿ ದೊಡ್ಡವ್ವಾ?"

"ನಿನ್ನ ಮ್ಯಾಲ ಮಾತಾಡು."

ನಾನು ಯಲಬುರ್ಗಾ ತಾಲೂಕಿನ ರೊಟ್ಟಿಯಿಂದ ಶುರು ಮಾಡಿದೆ. ಹೇಳುತ್ತ ಹೇಳುತ್ತ ಮೂರು ರೊಟ್ಟಿ ಹದಿಮೂರಾದವು. ಎದುರು ಮನೆಯ ನಾಯಿ ಮತ್ತೆ ಬೆಳ್ಳಗಾಯಿತು.