ಹುಳ ಹಣ್ಣಾದ ದಿನ

ನೆನೆದ ರೇಷ್ಮೆಗೆ ಒಂದು ವಾಸನೆಯಿದೆ. ಮಾರುವವರು ಅದನ್ನು ಹೇಳುವುದಿಲ್ಲ, ಉಡುವವರಿಗೆ ಅದು ಗೊತ್ತಿರುವುದಿಲ್ಲ. ಮೊನ್ನೆ ಚೆನ್ನೈನ ಕಾರ್ತೀಕದ ಮಳೆಯಲ್ಲಿ ನಾನು ರೇಷ್ಮೆ ಸೀರೆ ಉಟ್ಟುಕೊಂಡೇ ಟಿ. ನಗರಕ್ಕೆ ಹೋಗಿದ್ದೆ. ಮೊಮ್ಮಗಳು ಹುಟ್ಟಿದ್ದಾಳೆ, ತೊಟ್ಟಿಲಿಗೆ ಹಾಕುವ ದಿನಕ್ಕೆ ಮಗಳಿಗೊಂದು ಸೀರೆ ತರಬೇಕು, ಅಂಥ ಕೆಲಸಕ್ಕೆ ನೂಲಿನ ಸೀರೆ ಉಟ್ಟು ಹೊರಡಲು ಮನಸ್ಸಾದೀತೆ? ಬಸ್ಸಿನಲ್ಲಿ ಪಕ್ಕ ಕೂತವಳಿಗೆ ಹೇಳಿದೆ, ಆಟೋದವನಿಗೆ ಹೇಳಿದೆ, ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವವನಿಗೂ ನನ್ನ ಅರೆಬರೆ ತಮಿಳಿನಲ್ಲಿ "ಪೇತ್ತಿ ಪೊರಂದಿರುಕ್ಕಾ" ಎಂದು ಹೇಳಿಯೇ ಬಿಟ್ಟೆ. ಅವನು ನಕ್ಕು ಇನ್ನೂ ನಾಲ್ಕು ಸೀರೆ ಬಿಚ್ಚಿದ. ಹೊರಗೆ ಬಂದರೆ ಮೊಣಕಾಲು ಮುಳುಗುವಷ್ಟು ನೀರು. ಬೆಸೆಂಟ್ ನಗರದ ಮನೆ ಮುಟ್ಟುವಾಗ ತಲೆಯಿಂದ ಕಾಲಿನವರೆಗೂ ತೊಯ್ದಿದ್ದೆ. ಸೀರೆಯನ್ನು ಬಾಲ್ಕನಿಯ ಹಗ್ಗಕ್ಕೆ ಹರವಿದ ಸ್ವಲ್ಪ ಹೊತ್ತಿಗೆ ದೊಡ್ಡ ಮೊಮ್ಮಗ ಮೂಗು ಹಿಡಿದುಕೊಂಡು, "ಅಯ್ಯೋ ಪಾಟಿ, ನಾರುದು!" ಎಂದು ಕೂಗಿದ. ಒಳಗಿನಿಂದ ಮಗಳು, "ರೇಷ್ಮೆ ಉಟ್ಕೊಂಡು ಮಳೇಲಿ ಯಾರಾದ್ರೂ ಹೋಗ್ತಾರೇನಮ್ಮಾ?" ಎಂದು ಬೈದಳು. ನನಗೆ ಎರಡೂ ಕೇಳಿಸಲಿಲ್ಲವೆಂದೇ ಹೇಳಬೇಕು. ಸೆರಗನ್ನು ಮೂಗಿಗೆ ಒತ್ತಿಕೊಂಡು ನಿಂತುಬಿಟ್ಟಿದ್ದೆ. ಸೊಪ್ಪಿನ ಹಸಿ, ಹುಳದ ಹಿಕ್ಕೆಯ ಒಗರು, ಬೆಂದ ಗೂಡಿನ ನಾತ, ಎಲ್ಲಾ ಅದರೊಳಗೆ ಇತ್ತು. ನಮ್ಮ ಮನೆಯೇ ಅದರೊಳಗೆ ಇತ್ತು.

ಆ ಮನೆ ರಾಮನಗರದ ಆಚೆ, ಹಳಬರು ಆಗಲೂ ಕ್ಲೋಸ್‌ಪೇಟೆ ಎಂದೇ ಕರೆಯುತ್ತಿದ್ದ ಆ ಪಟ್ಟಣದಿಂದ ಗಾಡಿದಾರಿಯಲ್ಲಿತ್ತು. ಮನೆ ನಮ್ಮದು ಎಂದು ಹೆಸರಿಗೆ, ಇದ್ದದ್ದೆಲ್ಲ ರೇಷ್ಮೆಹುಳದ್ದು. ನಡುಮನೆಯಲ್ಲಿ ಬಿದಿರ ತಟ್ಟೆಗಳನ್ನು ಸೂರಿನ ತನಕ ಒಂದರ ಮೇಲೊಂದು ಜೋಡಿಸಿ, ಇರುವೆ ಹತ್ತದಂತೆ ಅಟ್ಟಣೆಯ ಕಾಲುಗಳಿಗೆಲ್ಲ ನೀರಿನ ಬಟ್ಟಲು ಇಟ್ಟಿರುತ್ತಿದ್ದರು. ನಾವು ಜಗಲಿಯಲ್ಲಿ ಮಲಗುತ್ತಿದ್ದೆವು, ಹಿತ್ತಲಲ್ಲಿ ಅಡುಗೆ ಮಾಡುತ್ತಿದ್ದೆವು. ಒಗ್ಗರಣೆ ಹಾಕುವಂತಿಲ್ಲ, ಮೆಣಸಿನಕಾಯಿ ಹುರಿಯುವಂತಿಲ್ಲ, ತಲೆಗೆ ಮಲ್ಲಿಗೆ ಮುಡಿಯುವಂತಿಲ್ಲ, ಗಟ್ಟಿಯಾಗಿ ಅಳುವಂತೆಯೂ ಇಲ್ಲ. ಹುಳ ನಾಲ್ಕು ಸಲ ಪೊರೆ ಕಳಚುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತಿದ್ದೆವು. ಜ್ವರ ಬಂದಾಗ ಹುಳ ತಿನ್ನದು, ತಲೆ ಎತ್ತಿ ಸುಮ್ಮನಿರುತ್ತದೆ. ಜ್ವರ ಬಿಟ್ಟು ಎದ್ದರೆ ಮತ್ತೆ ಹಿಪ್ಪುನೇರಳೆ ಸೊಪ್ಪು, ಸೊಪ್ಪು. ನಾಲ್ಕನೆಯ ಜ್ವರ ಕಳೆದು ಹೊಟ್ಟೆ ಬಿರಿಯ ತಿಂದು, ಮೈ ಹೊಂಬಣ್ಣಕ್ಕೆ ತಿರುಗಿದರೆ ಹುಳ ಹಣ್ಣಾಯಿತು ಎಂದು. ಹಾಗೆ ಹಣ್ಣಾದ ಹುಳವನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟಲು ಹೆಣೆದ ಬಿದಿರ ತಡಿಕೆಗೆ ಬಿಡಬೇಕು. ತಡವಾದರೆ ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತದೆ. ವರ್ಷದ ಅನ್ನವೆಲ್ಲ ಆ ಒಂದು ಹಗಲಿನ ಬೆರಳ ತುದಿಯಲ್ಲಿ.

ಈ ರಾಜ್ಯಕ್ಕೆಲ್ಲ ಅಪ್ಪನ ತಾಯಿಯೇ ಯಜಮಾನಿ. ಹುಳದ ಮನೆಯಲ್ಲಿ ಹೆರಿಗೆ ಆಗಬಾರದು, ಸಾವು ಆಗಬಾರದು, ಸೂತಕದ ಗಾಳಿ ತಾಗಿದರೆ ಹುಳಕ್ಕೆ ಹಾಲುರೋಗ ಬರುತ್ತದೆ ಎಂದು ಊರಿಗೆಲ್ಲ ಕಟ್ಟಳೆ ಹೇಳಿಕೊಟ್ಟವಳು ಅವಳೇ. ನಾನು ಹೇಳಹೊರಟ ದಿನದ ಹಿಂದಿನ ವರ್ಷ ನನ್ನ ಅಕ್ಕ ದೇವಿಯ ಚೊಚ್ಚಲು. ತವರಿಗೆ ಕರೆತರಬೇಕಾದ ತಿಂಗಳಲ್ಲಿ ಮನೆ ತುಂಬ ಹುಳ. "ಈ ಬೆಳೆ ಕಳೀಲಿ" ಎಂದಳು ಅಜ್ಜಿ. ಬೆಳೆ ಕಳೆಯಿತು, ಅಕ್ಕನ ಕೂಸು ಅತ್ತೆಮನೆಯಲ್ಲಿ ಹುಟ್ಟಿ ಉಸಿರಾಡದೆ ಹೋಯಿತು. ಆಮೇಲೆ ಅವ್ವ ಅಜ್ಜಿಗೆ ಮುದ್ದೆ ಇಡುವಾಗ ತಟ್ಟೆಯ ಕಡೆ ನೋಡುತ್ತಿದ್ದಳೇ ಹೊರತು ಮುಖದ ಕಡೆ ನೋಡುತ್ತಿರಲಿಲ್ಲ.

ಅಕ್ಕ ಮತ್ತೆ ಬಸುರಿಯಾದಾಗ ಅವ್ವ ಯಾರನ್ನೂ ಕೇಳದೆ ಹೋಗಿ ಕರೆದುಕೊಂಡು ಬಂದಳು. ಅಜ್ಜಿ ಈ ಸಲ ಲೆಕ್ಕ ಹಾಕಿಯೇ ಹುಳದ ಮೊಟ್ಟೆ ತರಿಸಿದ್ದಳು. ಗೂಡು ಬಿಡಿಸಿ, ಮನೆ ಸಾರಿಸಿ, ಆಮೇಲೆ ಅಕ್ಕನಿಗೆ ತಿಂಗಳು ತುಂಬಬೇಕು. ಹುಳಕ್ಕೂ ಗೊತ್ತು, ಕೂಸಿಗೂ ಗೊತ್ತು ಎನ್ನುವ ಹಾಗೆ ಹೇಳುತ್ತಿದ್ದಳು. ಆದರೆ ಆ ವರ್ಷ ಚಳಿ ಹಿಡಿಯಿತು. ತಟ್ಟೆಗಳ ಕೆಳಗೆ ಕೆಂಡದ ಮಡಕೆ ಇಟ್ಟರೂ ಮೂರನೆಯ ಜ್ವರ ಬಿಡಲೊಲ್ಲದು. ಅಜ್ಜಿ ಹೊತ್ತು ಹೊತ್ತಿಗೂ ಹುಳವನ್ನು ನೋಡುವಳು, ಅವ್ವ ಅಕ್ಕನ ಹೊಟ್ಟೆಯನ್ನು ನೋಡುವಳು. ಒಂದೇ ಮನೆಯಲ್ಲಿ ಇಬ್ಬರು ಹೆಂಗಸರು ಬೇರೆ ಬೇರೆ ಗಡಿಯಾರ ಇಟ್ಟುಕೊಂಡ ಹಾಗೆ ಇತ್ತು. ನಾನು ಮೂರನೇ ಕ್ಲಾಸು ಬಿಟ್ಟು ಸೊಪ್ಪು ಕೊಯ್ಯಲು ನಿಂತ ವರ್ಷ ಅದು. ಇಬ್ಬರ ಮುಖ ಓದಲು ಅಷ್ಟು ಓದು ಸಾಕಾಗಿತ್ತು.

ಹುಳ ಹಣ್ಣಾದ ದಿನ ಬೆಳಿಗ್ಗೆ ಅಪ್ಪ ಇನ್ನಷ್ಟು ಚಂದ್ರಿಕೆ ತರಲು ಗಾಡಿ ಕಟ್ಟಿಕೊಂಡು ಹೋಗಿದ್ದ. ನಾವೆಲ್ಲ ತಟ್ಟೆಯ ಸುತ್ತ ಕೂತು ಆರಿಸುತ್ತಿದ್ದೆವು. ಅಕ್ಕನೂ ಕಂಬಕ್ಕೆ ಒರಗಿ ಕೂತಿದ್ದಳು. ಅವಳ ಕೈ ನಿಂತಿತು. ಮೆಲ್ಲಗೆ ಎದ್ದು ಗೋಡೆಗೆ ಅಂಗೈ ಒತ್ತಿ ನಿಂತಳು. ಅವ್ವ ನೋಡಿದಳು. ಅಜ್ಜಿಯೂ ನೋಡಿದಳು. ಅಜ್ಜಿಯ ಅಂಗೈಯಲ್ಲಿ ಒಂದು ಹಣ್ಣು ಹುಳ ತಲೆ ಆಡಿಸುತ್ತಿತ್ತು.

"ಈ ಸಲ ನನ್ನ ಮಗಳು ಈ ಮನೇಲೇ ಹೆರ್ತಾಳೆ, ಅತ್ತೆ," ಎಂದಳು ಅವ್ವ. ದನಿ ಏರಿರಲಿಲ್ಲ. "ಹುಳ ಬೀದಿಗೆ ಬಿದ್ರೆ ಬೀಳ್ಲಿ."

ಅಜ್ಜಿ ನನ್ನ ಕಡೆ ತಿರುಗಿ, "ಓಡು ಚಿಕ್ಕತಾಯಿ. ಯಾರ ಮನೇಲಿ ಜಾಗ ಐತೆ ಕೇಳ್ಕಂಡ್ ಬಾ," ಎಂದಳು. ಪಟ್ಟಣದ ಆಸ್ಪತ್ರೆಗೆ ಕರೆದೊಯ್ಯಲು ಗಾಡಿ ಇರಲಿಲ್ಲ. ನಾನು ಬೀದಿಯುದ್ದಕ್ಕೂ ಓಡಿದೆ. ಒಂದೇ ಹದಕ್ಕೆ ಇಡೀ ಊರು ಹುಳ ಇಟ್ಟಿತ್ತು, ಎಲ್ಲ ಬಾಗಿಲಲ್ಲೂ ಚಂದ್ರಿಕೆ ನಿಂತಿದ್ದವು. ಕೆಲವರು ಬಾಗಿಲನ್ನು ಅರ್ಧ ತೆರೆದು ತಲೆಯಾಡಿಸಿದರು. ನಮ್ಮ ಸೊಪ್ಪಿನ ತೋಟದ ಪಕ್ಕದವಳು ಮಾತ್ರ, "ನಮ್ಮಲ್ಲೂ ಹಣ್ಣಾಗವೆ ಕಣ್ ಮಗ. ಹುಳದ ಮನೇಲಿ ಹೆರಬಾರ್ದು ಅಂತ ಊರಿಗೆಲ್ಲಾ ಹೇಳ್ಕೊಟ್ಟೋಳು ನಿಮ್ಮಜ್ಜಿನೇ ಅಲ್ವಾ? ಹೋಗ್ ಕೇಳು," ಎಂದಳು. ಬೇಡವೆಂದ ಬಾಗಿಲುಗಳಿಗಿಂತ ಆ ಮಾತು ಹೆಚ್ಚು ಉರಿಯಿತು.

ನಮ್ಮ ಹಿತ್ತಲ ಓಣಿಯ ಆಚೆ ಜೈನಾಬಿಯ ಮನೆ. ಗೂಡು ಬೇಯಿಸಿ ನೂಲು ತೆಗೆಯುವವರು. ನಮ್ಮ ಗೂಡು ಕೊನೆಗೆ ಹೋಗುತ್ತಿದ್ದದ್ದು ಅಂಥ ಮನೆಗಳಿಗೇ. ಆದರೂ ಹುಳ ಇರುವಷ್ಟು ದಿನ ಅತ್ತ ಹೋಗುವಂತಿರಲಿಲ್ಲ. ಸತ್ತ ಹುಳದ ಗಾಳಿ ಬದುಕಿದ ಹುಳಕ್ಕೆ ತಾಗಬಾರದೆಂದು ಅಜ್ಜಿ ಓಣಿಗೆ ಅಡ್ಡಲಾಗಿ ಸುಣ್ಣದ ಗೆರೆ ಎಳೆಯುತ್ತಿದ್ದಳು. ದಾಟಿದವರು ಗೂಡು ಬಿಡಿಸುವ ತನಕ ನಮ್ಮ ಮನೆಗೆ ಬರುವ ಹಾಗಿಲ್ಲ. ನಾನು ಅಳುತ್ತಾ ಹಿಂದಿರುಗುವಾಗ ಜೈನಾಬಿ ಚರಕ ಬಿಟ್ಟು ಗೆರೆಯ ಹತ್ತಿರ ಬಂದು ಏನೆಂದು ಕೇಳಿದಳು. ಹೇಳಿದೆ. "ಇಲ್ಲಿಗೆ ಕರ್ಕೊಂಡ್ ಬನ್ನಿ," ಎಂದಳು. "ನಮ್ ಮನೇಲಿ ಸೂತಕ ತಟ್ಟೋ ಹುಳ ಎಲ್ಲವ್ವ ಐತೆ? ಇರೋವೆಲ್ಲಾ ಬೆಂದೋಗವೆ."

ನಾನು ಬಂದು ಹೇಳಿದ್ದನ್ನು ಅಜ್ಜಿ ಕೇಳಿಸಿಕೊಂಡಳು. ಕೈಯಲ್ಲಿದ್ದ ಹುಳವನ್ನು ಚಂದ್ರಿಕೆಗೆ ಬಿಟ್ಟು, ಕೈ ತೊಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಕ್ಕನ ತೋಳು ಹಿಡಿದಳು. ಅವ್ವ ಮುಂದೆ ಬಂದಳು. "ನೀವ್ ಯಾಕೆ? ನಾನ್ ಹೋಗ್ತೀನಿ."

"ನಿನ್ ಬೆರಳು ಚುರುಕು. ಹುಳ ನೀನ್ ಆರ್ಸು," ಎಂದಳು ಅಜ್ಜಿ. "ಹೋದ್ ವರ್ಸ ಬ್ಯಾಡ ಅಂದೋಳು ನಾನು. ಈ ವರ್ಸ ಗೆರೆ ದಾಟಬೇಕಾದೋಳೂ ನಾನೇ."

ಹುಳ ಹಣ್ಣಾಗುವ ದಿನ ಅಜ್ಜಿ ಮನೆ ಬಿಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಅಕ್ಕ ಎರಡು ಕಡೆ ನಿಂತು ನಿಂತು ನಡೆದಳು. ಗೆರೆಯ ಮೇಲೆ ಅಜ್ಜಿಯ ಹೆಜ್ಜೆ ಬಿದ್ದು ಸುಣ್ಣ ಹರಡಿದ್ದು ಇವತ್ತಿಗೂ ನನ್ನ ಕಣ್ಣಲ್ಲಿದೆ. ಅವ್ವ ಬಾಗಿಲಲ್ಲಿ ನಿಂತು ನೋಡಿ, ಒಳಗೆ ಬಂದು ತಟ್ಟೆಯ ಮುಂದೆ ಕೂತಳು. ನನಗೂ ಕಣ್ಣಿನಲ್ಲೇ ಕೂರು ಎಂದಳು. ಆರಿಸಿದೆವು. ಹಣ್ಣು ಹುಳ ಮೆತ್ತಗೆ, ತಣ್ಣಗೆ, ಸ್ವಲ್ಪ ಒತ್ತಿದರೆ ಒಡೆಯುತ್ತದೆ. ಅವ್ವನ ಕೈಯಲ್ಲಿ ಒಂದು ಹುಳವೂ ಒಡೆಯಲಿಲ್ಲ. ಓಣಿಯ ಆಚೆಯಿಂದ ಚರಕದ ಸದ್ದು ಗರಗರ ಎಂದು ಬರುತ್ತಿತ್ತು, ಅದರ ಮೇಲೆಯೇ ನಮ್ಮಿಬ್ಬರ ಕಿವಿ. ಬಿಸಿಲು ಏರಿತು. ಚರಕ ನಿಂತಿತು. ಸದ್ದಿದ್ದಾಗ ಹೆದರಿಕೆ ಇಷ್ಟಿರಲಿಲ್ಲ. ಒಂದು ಚಂದ್ರಿಕೆ ತುಂಬಿತು, ಇನ್ನೊಂದು ತುಂಬಿತು. ಅಕ್ಕನ ಕೂಗೂ ಇಲ್ಲ, ಕೂಸಿನ ಕೂಗೂ ಇಲ್ಲ. "ಆರ್ಸು, ಆರ್ಸು," ಎನ್ನುತ್ತಿದ್ದಳು ಅವ್ವ, ನನಗೋ ತನಗೋ ತಿಳಿಯದು. ಹಾಗಿರುವಾಗ ಚರಕ ಮತ್ತೆ ತಿರುಗಿತು.

ಅವ್ವನ ಕೈ ಮಡಿಲಿಗೆ ಬಿತ್ತು. "ಹೋಯ್ತು ಕಣೆ," ಎಂದಳು. "ಕೂಸು ಬದುಕಿದ್ರೆ ಯಾರಾದ್ರೂ ಚರಕ ತಿರುಗುಸ್ತಾರಾ? ಮುಗೀತು, ಕೆಲ್ಸಕ್ಕೆ ಕೂತವ್ರೆ."

ನಾನು ಎದ್ದು ಗೆರೆಯ ತನಕ ಓಡಿದೆ. ಜೈನಾಬಿ ಚರಕ ತಿರುಗಿಸುತ್ತಿದ್ದಳು, ಕೆನ್ನೆ ಒದ್ದೆಯಾಗಿತ್ತು. ಅವಳೇ ಕೂಗಿದಳು: "ಏನೇ ಹಂಗ್ ನೋಡ್ತೀಯ? ಆವಾಗ್ಲಿಂದ ಗೂಡು ಬೇಯ್ತಾ ಬಿದ್ದವೆ, ನೂಲು ಕೆಟ್ರೆ ನಿಮ್ಮಜ್ಜಿ ಕಟ್ಕೊಡ್ತಾಳಾ? ಹೆಣ್ ಕೂಸು! ಮೊದ್ಲು ನೀಲಿ ಆಗಿತ್ತು, ಅಳ್ಲೇ ಇಲ್ಲ. ನಿಮ್ಮಜ್ಜಿ ಕಾಲ್ ಹಿಡ್ದು ಬೆನ್ ತಟ್ಟಿ ಬಾಯಿಗ್ ಬಾಯಿ ಇಟ್ಟು ಊದಿದ್ಳು. ಈಗ ಹಾಲು ಕುಡೀತಾ ಐತೆ ಹೋಗು!"

ಅವ್ವ ನನ್ನ ಹಿಂದೆಯೇ ಬಂದಿದ್ದಳು. ಅಷ್ಟರಲ್ಲಿ ಅಜ್ಜಿ ಹೊರಗೆ ಬಂದು, ಹಳೆಯ ಸೀರೆಯಲ್ಲಿ ಸುತ್ತಿದ ಕೂಸನ್ನು ಎರಡೂ ಕೈಯಲ್ಲಿ ಎತ್ತಿ ಗೆರೆಯ ಆಚೆಯಿಂದ ತೋರಿಸಿದಳು. ಮುಖ ಕಾಣಿಸಲಿಲ್ಲ, ಒಂದು ಕೆಂಪು ಮುಷ್ಟಿ ಕಾಣಿಸಿತು. ಅವ್ವ ಒಂದು ವರ್ಷದ ಮೇಲೆ ಅಜ್ಜಿಯ ಮುಖ ನೋಡಿದಳು. ಅಜ್ಜಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ ಎಂದು ಕಾಣುತ್ತದೆ, "ಏನ್ ನಿಂತ್ಕಂಡೆ? ಹೋಗ್, ಹುಳ ಕಸಕ್ಕೆ ಇಳೀತವೆ," ಎಂದು ಗದರಿದಳು.

ನೋಡಿ, ಸಂತೋಷದಲ್ಲಿ ಬರೆಯುತ್ತಾ ಎಲ್ಲಿಂದ ಎಲ್ಲಿಗೋ ಹೋದೆ. ಆ ಕೂಸು ಈಗ ಚನ್ನಪಟ್ಟಣದಲ್ಲಿ ತಾನೇ ಅಜ್ಜಿಯಾಗಿದ್ದಾಳೆ. ಮೊನ್ನೆ ಅಳಿಯಂದಿರ ಹೊಸ ಮೊಬೈಲಿನಲ್ಲಿ ಅವಳಿಗೆ ನನ್ನ ಮೊಮ್ಮಗಳ ಸುದ್ದಿ ಹೇಳಿದರೆ, "ಸಣ್ಣವ್ವ, ಕಿವುಡಿ ಅಲ್ಲ ನಾನು, ಮೆತ್ತಗ್ ಹೇಳು," ಎಂದು ನಕ್ಕಳು.

ಗೂಡು ಬಿಡಿಸುವ ತನಕ ಅಜ್ಜಿ ಗೆರೆಯ ಆಚೆಯೇ ಉಳಿದಳು. ಹೊಂಗೆಮರದ ಕೆಳಗೆ ಮೂರು ಕಲ್ಲು ಹೂಡಿ ತನಗೂ ಅಕ್ಕನಿಗೂ ಬೇರೆ ಅಡುಗೆ. "ನಮ್ ನೀರು ಬ್ಯಾಡ, ನಮ್ ಸೂರು ಬೇಕು," ಎಂದು ಜೈನಾಬಿ ಕೆಣಕುವಳು. "ಸೂರಿಗೆ ಎಂಜಲು ಇಲ್ಲ ಕಣೆ ಬೂಬಮ್ಮ," ಎಂದು ಅಜ್ಜಿ ಉತ್ತರ ಕೊಡುವಳು. ಹೋಗ್ತಾ ಹೋಗ್ತಾ ಜೈನಾಬಿಯ ಚಹಾಕ್ಕೂ ಎಂಜಲು ಇಲ್ಲವಾಯಿತು. ಮನೆಗೆ ಬಂದವಳೇ ಅಜ್ಜಿ ಗೂಡು ಹೇಗಿದೆ ಎಂದು ಕೇಳಲಿಲ್ಲ. ಅಪ್ಪನನ್ನು ಕರೆದು, ಹಿತ್ತಲಲ್ಲಿ ಓಣಿಗೆ ಬಾಗಿಲಿಟ್ಟು ಒಂದು ಸಣ್ಣ ಕೋಣೆ ಕಟ್ಟಿಸು ಎಂದಳು. ಅದರಲ್ಲಿ ತಟ್ಟೆ ಇಡಬಾರದು, ಚಂದ್ರಿಕೆ ಒರಗಿಸಬಾರದು, ಸೊಪ್ಪು ಕೂಡ ಸುರಿಯಬಾರದು. "ಯಾರಿಗಾದ್ರೂ ಬೇಕಾಯ್ತದೆ," ಎಂದಳು. ಕಟ್ಟಳೆ ಮುರಿಯುವವಳಲ್ಲ ಅವಳು, ಅದರ ಪಕ್ಕದಲ್ಲಿ ಒಂದು ಬಾಗಿಲು ಇಟ್ಟಳು. ಆಮೇಲೆ ನಮ್ಮ ಬೀದಿಯ ಎಷ್ಟೋ ಕೂಸುಗಳು ಅಲ್ಲಿ ಹುಟ್ಟಿದವು. ತಲೆಯಾಡಿಸಿ ಬಾಗಿಲು ಹಾಕಿಕೊಂಡ ಮನೆಗಳ ಹೆಣ್ಣುಮಕ್ಕಳನ್ನೂ ಅಜ್ಜಿ ಅಲ್ಲಿಗೇ ಕರೆಸಿಕೊಂಡಳು.

ಈಗ ಆ ಮನೆ ಇಲ್ಲ. ರಸ್ತೆ ಅಗಲ ಮಾಡುವಾಗ ಓಣಿ ಹೋಯಿತು, ಹಿಪ್ಪುನೇರಳೆ ತೋಟದಲ್ಲಿ ಬೇರೆ ಯಾರದೋ ಗೋಡೆಗಳಿವೆ. ಅಕ್ಕ ಇಲ್ಲ, ಅವ್ವ ಇಲ್ಲ, ಜೈನಾಬಿಯ ಚರಕ ಯಾವ ಗುಜರಿಗೆ ಹೋಯಿತೋ. ನಿಮ್ಮ ಮನೆಯಲ್ಲೂ ಹೀಗೆ ಒಂದು ಕೋಣೆ ಇದ್ದಿರಬಹುದು, ಅದು ಯಾಕೆ ಖಾಲಿ ಇತ್ತು ಎಂದು ಹೇಳುವವರು ಈಗ ಇರಲಿಕ್ಕಿಲ್ಲ.

ಅಜ್ಜಿ ಆ ಕೋಣೆಗೆ ಮಲಗಲು ಹೋದದ್ದು ಒಂದೇ ಸಲ. ನಾನು ದೊಡ್ಡವಳಾಗಿದ್ದೆ. ಹುಳ ಎರಡನೆಯ ಜ್ವರದಲ್ಲಿದ್ದವು. ಮಧ್ಯಾಹ್ನ ತನ್ನ ಚಾಪೆ ತಾನೇ ಸುತ್ತಿಕೊಂಡು, ಗೋಡೆ ಹಿಡಿದು ನಡೆದು ಹೋಗಿ ಅಲ್ಲಿ ಹಾಸಿಕೊಂಡಳು. ಯಾಕೆಂದು ನಮಗೆ ತಿಳಿಯಿತು, ಹುಳದ ಮನೆಯಲ್ಲಿ ಸಾವೂ ಆಗಬಾರದಲ್ಲ. ಅವ್ವ ಕೈಯಲ್ಲಿದ್ದ ಸೊಪ್ಪಿನ ಕತ್ತಿ ನನಗೆ ಕೊಟ್ಟು, ತಾನು ಹಿಂದೆಯೇ ಹೋಗಿ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಇನ್ನು ಅವ್ವನೂ ಹುಳದ ಮನೆಗೆ ಬರುವ ಹಾಗಿರಲಿಲ್ಲ. ನಾನು ಹೊಸಿಲ ಈಚೆ ನಿಂತಿದ್ದೆ.

"ಎದ್ವಾ?" ಎಂದು ಅಜ್ಜಿ ಕೇಳಿದಳು.

"ಏಳ್ತಾ ಅವೆ ಅಜ್ಜಿ."

"ಎಳೇ ಸೊಪ್ಪು ಹಾಕು."

ಹೊತ್ತು ಇಳಿಯುವಾಗ ಅವ್ವ ಬಾಗಿಲಿಗೆ ಬಂದಳು. ಹೊಸಿಲು ದಾಟಲಿಲ್ಲ. ನನ್ನ ಮುಖ ನೋಡಿ, ಬಾಯಿಗೆ ಸೆರಗು ಒತ್ತಿಕೊಂಡು, "ಸೊಪ್ಪು ಹಾಕಿ ಮುಗ್ಸು ಮಗ. ಆಮೇಲೆ ಅಳುವಂತೆ," ಎಂದಳು.

ನಾನು ಒಳಗೆ ಹೋಗಿ ಸೊಪ್ಪು ಹಾಕಿದೆ. ಎಲ್ಲ ತಟ್ಟೆಗಳಲ್ಲೂ ಹುಳ ಎದ್ದಿದ್ದವು.